ಅತ್ತಿಯವರ ಖೋಲಿ ಗೋಡಿ

ಹೋದ ವಾರ ಜಿಟಿಜಿಟಿ ಮಳಿ ಹಿಡದಾಗ ಬಾಜೂ ಮನಿ ಅಕ್ಕಾರು ಛತ್ರಿ ಮಡಚಗೋತ ಒಳಗ ಬಂದ್ರು. "ನಮ್ಮ ದೇವರ ಖೋಲಿ ಗೋಡಿ ಪೂರಾ ಥಂಡಿ ಹಿಡದೈತ್ರಿ, ಯಾವ ಪೇಂಟ್ ಹಚ್ಚಸ್ಲಿ?" ಅಂತ ಕೇಳಿದ್ರು. ಅಂಗಡ್ಯಾಂವ ಯಾವುದೋ ವಾಟರ್ ಪ್ರೂಫ್ ಡಬ್ಬಿ ತೋರಿಸ್ಯಾನಂತ. "ಅಕ್ಕಾ, ಪೇಂಟಿನ ಮಾತು ಆಮ್ಯಾಲ. ನೀರು ಎಲ್ಲಿಂದ ಬರಾಕತ್ತೈತಿ, ಅದನ್ನ ಮೊದಲ ಹೇಳ್ರಿ" ಅಂದೆ. ಅವರು ನನ್ನ ಮುಖಾನ ನೋಡಿದ್ರು. ಚಾ ಇಟ್ಟು ನಮ್ಮ ಅತ್ತಿಯವರ ಖೋಲಿ ಕಥಿ ಪೂರಾ ಹೇಳಬೇಕಾತು. ಹೇಳಿ ಮುಗಿಸಿದ ಮ್ಯಾಲ "ಇದನ್ನ ಬರದು ಹಾಕ್ರಿ, ಎಲ್ಲಾರ ಮನ್ಯಾಗೂ ಇದ ಗೋಳು" ಅಂದ್ರು. ಅದಕ್ಕ ಬರದೀನಿ. ಇದರಾಗ ನನ್ನ ತಪ್ಪೂ ಐತಿ, ಮುಚ್ಚಿಡೂದಿಲ್ಲ.

ನಮ್ಮ ಮನಿ ನೋಡದವರಿಗೆ ಒಂದೀಟು ಹೇಳತೀನಿ. ಸಿದ್ಧಾರೂಢ ಮಠಕ್ಕ ನಡಕೋತ ಹೋಗುವಷ್ಟು ದೂರದಾಗ ಐತಿ. ಅರ್ಧಾ ಹಳೇದು, ಅರ್ಧಾ ಹೊಸಾದು. ಹಿಂದಿನ ಅರ್ಧಾ ನಮ್ಮ ಮಾವನವರ ಅಪ್ಪಾರು ಕಟ್ಟಿಸಿದ್ದು, ಕಲ್ಲು ಮಣ್ಣಿನ ಗೋಡಿ, ಎರಡು ಫೂಟು ದಪ್ಪ. ಮ್ಯಾಲ ತೊಲಿ, ಜಂತಿ, ಹಲಗಿ, ಅದರ ಮ್ಯಾಲ ಒಂದು ಫೂಟು ಮಣ್ಣು. ನಡುವ ಒಂದು ಬೆಳಕಿಂಡಿ. ಮುಂದಿನ ಅರ್ಧಾ 1998ರಾಗ ಕೆಡವಿ ಸ್ಲ್ಯಾಬು ಹಾಕಿಸಿದ್ವಿ. ಆವಾಗ ಓಣ್ಯಾಗ ಸ್ಲ್ಯಾಬಿನ ಮನಿ ಅಂದ್ರ ಒಂದು ದಿಮಾಕು ಇತ್ತು. ನನಗೂ ಇತ್ತು, ಸುಳ್ಳ ಯಾಕ ಹೇಳ್ಲಿ. ಮಾಳಗಿಯಿಂದ ಅಡಗಿ ಮ್ಯಾಲ ಮಣ್ಣು ಉದರೂದು ನೋಡಿ ನೋಡಿ ಸಾಕಾಗಿತ್ತು.

ಆದ್ರ ಅತ್ತಿಯವರು ಹಳೇ ಖೋಲಿ ಬಿಟ್ಟು ಬರಲಿಲ್ಲ. "ಅಲ್ಲೆ ನಿದ್ದಿ ಹತ್ತತೈತಿ ನನಗ" ಅಂತಿದ್ರು. ನಾವು ಹಟಾ ಅಂತ ತಿಳಕೊಂಡಿದ್ವಿ.

2015ರ ಮಳಿಗಾಲದಾಗ ಅವರ ಮಂಚದ ಬಾಜೂಕಿನ ಗೋಡಿ ಮೊಣಕಾಲಮಟ ಕಪ್ಪಾತು. ಮುಟ್ಟಿದ್ರ ತಣ್ಣಗ. ಸುಣ್ಣ ಪಕಳಿ ಪಕಳಿ ಎದ್ದು ಬೀಳಾಕ ಹತ್ತಿತು, ಅದರ ಮ್ಯಾಲ ಬಿಳೇ ಉಪ್ಪಿನಂಥಾ ಪುಡಿ. ಟ್ರಂಕಿನ್ಯಾಗಿನ ಇಲಕಲ್ಲ ಸೀರಿಗೆ ಬೂಷ್ಟು ಬಂತು. ಅತ್ತಿಯವರಿಗೆ ಮೊದಲ ದಮ್ಮು, ರಾತ್ರಿ ಕೆಮ್ಮು ಜಾಸ್ತಿ ಆತು. ಡಾಕ್ಟರು "ಥಂಡಿ ಖೋಲ್ಯಾಗ ಇಡಬ್ಯಾಡ್ರಿ" ಅಂದ್ರು.

ನಾನ ಮುಂದ ಬಿದ್ದು ಆ ಗೋಡಿಗೆ ಸಿಮೆಂಟ್ ಗಿಲಾವ ಮಾಡಿಸಿದೆ. ಅದರ ಮ್ಯಾಲ ಚಂದ ಕಾಣ್ಲಿ ಅಂತ ತಿಳಿ ಹಸರ ಎಣ್ಣಿ ಪೇಂಟ್. ದೀಪಾವಳಿಗೆ ಬಂದ ನಾದಿನ್ಯಾರೆಲ್ಲಾ "ವೈನಿ, ಖೋಲಿ ಮದುವಿ ಹುಡುಗಿ ಆಗೇತಿ" ಅಂದಿದ್ರು. ನಾಕ ತಿಂಗಳಿಗೆ ಆ ಮದುವಿ ಹುಡುಗಿ ಮೈತುಂಬ ಗುಳ್ಳಿ ಎದ್ದಿತು. ಮೊದಲ ಮೊಣಕಾಲಮಟ ಇದ್ದ ಹಸಿ ಈಗ ನನ್ನ ಎದಿಮಟ ಏರಿತ್ತು.

ಮಾರ್ಚ್ ಮುಗಿಯೋದರಾಗ ಅತ್ತಿಯವರನ್ನ ಒತ್ತಾಯ ಮಾಡಿ ಮುಂದಿನ ಸ್ಲ್ಯಾಬಿನ ಖೋಲಿಗೆ ಕರಕೊಂಡ ಬಂದ್ವಿ. 2016ರ ಬ್ಯಾಸಗಿ ನಿಮಗೆಲ್ಲಾ ನೆನಪಿರಬೇಕು, ಏನು ಬಿಸಲು ಅದು! ಸ್ಲ್ಯಾಬು ಐದು ಇಂಚು ದಪ್ಪ. ಮುಂಜಾನಿಂದ ಸಂಜೀಮಟ ಬಿಸಲು ಕುಡೀತೈತಿ, ಹೊತ್ತು ಮುಳುಗಿದ ಮ್ಯಾಲ ಅದನ್ನ ಕೆಳಗ ಕಾರತೈತಿ. ಹೊರಗ ಗಾಳಿ ತಂಪಾದ್ರೂ ಒಳಗ ರಾತ್ರಿ ಹನ್ನೊಂದಕ್ಕ ಫ್ಯಾನು ಬಿಸಿ ಗಾಳೀನ ತಿರವತೈತಿ. ಮಣ್ಣಿನ ಮಾಳಗಿ ಹಂಗಲ್ಲ. ಒಂದು ಫೂಟು ಮಣ್ಣು ದಾಟಿ ಕೆಳಗ ಬರೋದರಾಗ ಬಿಸಲಿಗೆ ರಾತ್ರಿ ಆಗಿರತೈತಿ, ಅಷ್ಟರಾಗ ಮ್ಯಾಲಿನ ಮಣ್ಣು ಆರಿರತೈತಿ. ಬೆಳಕಿಂಡಿಯಿಂದ ಒಳಗಿನ ಬಿಸಿ ಗಾಳಿ ಮ್ಯಾಲ ಹೋಗಿಬಿಡತೈತಿ. ಅತ್ತಿಯವರ ಹಟದಾಗ ಇಷ್ಟು ಲೆಕ್ಕ ಇತ್ತು, ನಮಗ ಗೊತ್ತಾಗಲಿಲ್ಲ.

ಮೂರನೇ ವಾರದಾಗ ಒಂದಿನ ಸಂಜೀಕ ನಾನು ರೊಟ್ಟಿ ಬಡ್ಯಾಕತ್ತಿದ್ದೆ. "ಯವ್ವಾ, ನನ್ನ ಹಂಚಿನ ಮ್ಯಾಲ ಮಲಗಿಸೀರಲ್ಲವ್ವಾ" ಅಂದ್ರು ಒಳಗಿಂದ. ಚ್ಯಾಷ್ಟಿ ಅಂತ ನಕ್ಕೆ. ಹತ್ತು ನಿಮಿಷಕ್ಕ ಹೋಗಿ ನೋಡಿದ್ರ ಮಾತಿಲ್ಲ, ಮೈ ಕೆಂಡ, ಕಣ್ಣು ಮ್ಯಾಲ ಆಗ್ಯಾವು. ಆಟೋದಾಗ ಹಾಕ್ಕೊಂಡು ದವಾಖಾನಿಗೆ ಓಡಿದ್ವಿ. ಐದು ದಿನ ಅಲ್ಲೇ ಇಟ್ಟಿದ್ರು. ಸಲಾಯಿನ್ ಹನಿ ಎಣಿಸಿಕೋತ ಕೂತಾಗ ಆ ಮಾತು ನನ್ನ ಕಿವ್ಯಾಗ ಗುಂಯ್ ಅಂತಿತ್ತು. ಒಂದು ಖೋಲ್ಯಾಗ ದಮ್ಮು, ಇನ್ನೊಂದರಾಗ ಬಿಸಲು. ಡಿಸ್ಚಾರ್ಜ್ ಆದ ಮ್ಯಾಲ ಎಲ್ಲಿ ಕರಕೊಂಡ ಹೋಗೂದು?

ನಮ್ಮ ಮೈದುನ "ಎಲ್ಲಾ ಕೆಡವಿ ಹಿಂದೂ ಸ್ಲ್ಯಾಬು ಹಾಕಿ ಏಸಿ ಕೂಡ್ರಸೋಣು" ಅಂದ. ಇವರಿಗೂ ಹೌದು ಅನಿಸಿತ್ತು. ನಾನು ಏನೂ ಮಾತಾಡಲಿಲ್ಲ, ಗಿಲಾವ ನನ್ನ ಹೆಸರಿಲೇ ಆಗಿತ್ತಲ್ಲ.

ಕೆಡವಾಕ ಎಷ್ಟಾಗತೈತಿ ಅಂತ ಕೇಳಾಕ ಒಬ್ಬ ವಯಸ್ಸಾದ ಗೌಂಡಿ ಕಾಕಾನ ಕರಸಿದ್ವಿ, ಸುಣ್ಣದ ಗಚ್ಚಿನ ಕೆಲಸ ಮಾಡಿದ ಕೈ. ಅವರು ಗೋಡಿ ಬಡದು ನೋಡಿದ್ರು, ಎದಿಮಟ ಕೈಯಾಡಿಸಿದ್ರು. "ಯಾರವ್ವಾ ಇದಕ್ಕ ಸಿಮೆಂಟ್ ಹಚ್ಚಿದವರು?" ಅಂದ್ರು. ನಾನು ಅಂದೆ. ಬೈಯಲಿಲ್ಲ ಪುಣ್ಯಾತ್ಮ. ದೇವರ ಮುಂದಿನ ಸಮೆ ತೋರಿಸಿ, "ಬತ್ತಿ ಎಣ್ಣಿ ಏರಿಸಿಕೊಂತೈತಿ ಹೌದಲ್ಲೋ? ಮಣ್ಣಿನ ಗೋಡೀನೂ ನೆಲದಿಂದ ನೀರು ಹಂಗ ಏರಿಸಿಕೊಂತೈತಿ. ಸುಣ್ಣದ ಮೈಯಿಂದ ಆ ನೀರು ಬೆವರಾಗಿ ಹೊರಗ ಹೋಗತಿತ್ತು. ನೀವು ಬಾಯಿ ಹೊಲದ್ರಿ. ಅದು ಹೋಗಾಕ ಜಾಗಾ ಹುಡಕಿಕೋತ ಮ್ಯಾಲ ಏರಿತು" ಅಂದ್ರು. ಬಿಳೇ ಪುಡಿ ಅಂದ್ರ ನೀರು ಹೊತಗೊಂಡು ಬಂದ ಉಪ್ಪು. ನೀರು ಆರಿ ಹೋಗತೈತಿ, ಉಪ್ಪು ಉಳೀತೈತಿ, ಉಬ್ಬಿ ಗಿಲಾವ ಒಡೀತೈತಿ.

ಆಮ್ಯಾಲ ಕೇಳಿದ್ರು, "ಮೂವತ್ತು ವರ್ಷ ಹಸಿ ಇರದ ಗೋಡಿಗೆ ಈಗ ನೀರು ಎಲ್ಲಿಂದ ಬಂತು?" ಅದನ್ನ ನಾವು ಯಾರೂ ಕೇಳಿದ್ದಿಲ್ಲ ನೋಡ್ರಿ. ಮಳಿ, ಥಂಡಿ ಅಂದು ಸುಮ್ನಾಗಿದ್ವಿ.

ಆ ಗೋಡಿ ಆಚೆ ಕಡೆ ನಮ್ಮ ನೆಲದ ಟಾಕಿ ಐತಿ. ನಲ್ಲಿ ನೀರು ವಾರಕ್ಕೊಮ್ಮಿ ಬರೋ ಊರಿನ್ಯಾಗ ಟಾಕಿ ಇಲ್ಲದ ಮನಿ ಎಲ್ಲೈತಿ? ಕಾಕಾ ಹೇಳಿದಂಗ ರಾತ್ರಿ ಟಾಕಿ ತುಂಬಿಸಿ, ನೀರಿನ ಮಟ್ಟಕ್ಕ ಒಳಗಿನ ಗೋಡಿಗೆ ಪೆನ್ಸಿಲಿನ ಗೆರಿ ಹೊಡದು, ಯಾರೂ ಒಂದು ತಂಬಗಿ ಸೈತ ತಗೀಲಿಲ್ಲ. ಮುಂಜಾನೆ ನಾಕು ಬಟ್ಟು ಇಳದಿತ್ತು. ಟಾಕಿ ಸೀಳಿತ್ತು. ನಮ್ಮದು ಎರಿ ಮಣ್ಣು, ಮಳಿಗೆ ಉಬ್ಬಿ ಬ್ಯಾಸಗ್ಯಾಗ ಬಿರಿಯೋದು, ಅದರ ಜೋಡಿ ಟಾಕಿ ಗೋಡೀನೂ ಬಿರದಿತ್ತು. ದಿನಾ ನಾವ ನಮ್ಮ ಕೈಯಾರೆ ಅತ್ತಿಯವರ ಮಂಚದ ಬುಡಕ್ಕ ನೀರು ಉಣಸಾಕತ್ತಿದ್ವಿ.

ಮನಿ ಕೆಡವೋ ಮಾತು ಅಲ್ಲಿಗೇ ನಿಂತಿತು. ಟಾಕಿ ದುರಸ್ತಿ ಆತು. ಸಿಮೆಂಟ್ ಪೂರಾ ಕಿತ್ತಿಸಿದ್ವಿ. ಕಿತ್ತ ಕೂಡಲೇ ಹೊಸಾದು ಬಡೀಬಾರದಂತ, ಒಂದು ಇಂಚು ಗೋಡಿ ಆರಾಕ ಒಂದು ತಿಂಗಳು ಹಿಡದ್ರು ಕಾಕಾ. ನನಗ ಭಾಳ ತ್ರಾಸ ಆತು, ಬಂದವರೆಲ್ಲಾ ಗಾಯದಂಥಾ ಗೋಡಿ ನೋಡಿ "ಏನಾತು?" ಅನ್ನೋರು. ಒಂದು ವರ್ಷ ಹಂಗ ಬಿಟ್ಟು, ಉಪ್ಪಿನ ಪುಡಿ ಒಣ ಬ್ರಶ್‌ಲೆ ಉದರಿಸಿಕೋತ ಇದ್ದೆ. ನೀರಿಲೆ ತೊಳದ್ರ ಉಪ್ಪು ಕರಗಿ ಮತ್ತ ಒಳಗ ಹೋಗತೈತಿ, ತೊಳೀಬ್ಯಾಡ್ರಿ. ಮುಂದ ಸುಣ್ಣ ಉಸುಕಿನ ಗಿಲಾವ, ಮ್ಯಾಲ ಬರೇ ಸುಣ್ಣ. ಮಂಚ ಟ್ರಂಕು ಗೋಡಿಯಿಂದ ಒಂದು ಗೇಣು ಸರಿಸಿಟ್ವಿ, ಹಿಂದ ಗಾಳಿ ಆಡ್ಲಿ ಅಂತ. ಅತ್ತಿಯವರು ದವಾಖಾನಿಂದ ಬಂದ ಮ್ಯಾಲ ಗೋಡಿ ಆರೂಮಟ ಅಡಗಿ ಮನಿ ಬಾಜೂಕಿನ ಹಳೇ ಪಡಸಾಲ್ಯಾಗ, ಬೆಳಕಿಂಡಿ ಕೆಳಗ ಮಲಗಿದ್ರು. ನಾನು ಅವರ ಬಾಜೂಕ ಚಾಪಿ ಹಾಸಿಕೊಂಡೆ. ಆ ವರ್ಷ ನಾವಿಬ್ಬರೂ ಆಡಿದಷ್ಟು ಮಾತು ಹಿಂದಿನ ಇಪ್ಪತ್ತೈದು ವರ್ಷದಾಗ ಆಡಿದ್ದಿಲ್ಲ.

ಇಲ್ಲಿ ಒಂದು ದುಬೈ ಕಥಿ ಹೇಳಬೇಕು. ಇಷ್ಟೆಲ್ಲಾ ಕಲತೆ ಅಂದಕೊಂಡಿದ್ದೆ, 2019ರ ಆಗಸ್ಟಿನ್ಯಾಗ ಮಗಳ ಬಾಣಂತನಕ್ಕ ಅಲ್ಲಿಗೆ ಹೋಗಿ ಮತ್ತ ತಪ್ಪು ಮಾಡಿದೆ. ಮನಿ ಮುಚ್ಚಿದ್ರ ಥಂಡಿ ಹಿಡೀತೈತಿ ಅಂತ ನನ್ನ ತಲ್ಯಾಗ ಕುಂತಿತ್ತಲ್ಲ, ದಿನಾ ಮುಂಜಾನೆ ಎಲ್ಲಾರೂ ಏಳೋಕಿಂತ ಮೊದಲ ಕಿಟಕಿ ತಗದಿಡತಿದ್ದೆ. ಎರಡು ವಾರಕ್ಕ ಕಪಾಟಿನ ಹಿಂದ ಬೂಷ್ಟು! ಮರಳಗಾಡಿನ್ಯಾಗ ಬೂಷ್ಟು ಅಂದ್ರ ಯಾರು ನಂಬತಾರ? ಅಳಿಯ ಬಿಡಿಸಿ ಹೇಳಿದ. ಊರು ಸಮುದ್ರದ ದಂಡಿಗೆ ಐತಿ, ಆ ತಿಂಗಳದಾಗ ಹೊರಗಿನ ಗಾಳಿ ತುಂಬ ನೀರಿನ ಹಬಿ. ಒಳಗ ಏಸಿಲೆ ಗೋಡಿ ತಣ್ಣಗ. ತಣ್ಣೀರು ತುಂಬಿದ ತಂಬಗಿ ಹೊರಗ ಬೆವರತೈತಲ್ಲ, ಹಂಗ ಆ ಹಬಿ ಗೋಡಿಗೆ ಹತ್ತಿ ನೀರಾಗತೈತಿ. ನಮ್ಮಲ್ಲೆ ತಗಿಯೋದು ಮದ್ದು, ಅಲ್ಲೆ ಮುಚ್ಚೋದು ಮದ್ದು. ಮಗಳು ನಕ್ಕಳು, ನನಗ ಮುಖ ಸಣ್ಣದಾತು.

ಅಲ್ಲಿ ಹೊಸಾ ಕಟ್ಟಡದ ಗೋಡಿಗೆ ಹೊರಗಿಂದ ಥರ್ಮಾಕೋಲಿನಂಥಾ ದಪ್ಪ ಹಾಳಿ ಹಚ್ಚೂದು ನೋಡಿದೆ. ಇನ್ಸುಲೇಶನ್ ಅಂತಾರ. ನಾನು ಅದಕ್ಕ ಮನಿ ಕೌದಿ ಅಂತ ಹೆಸರಿಟ್ಟೆ. ಕೌದ್ಯಾಗ ಕೆಲಸ ಮಾಡೂದು ಅರಬಿಗಿಂತ ನಡುವ ಸಿಕ್ಕೊಂಡ ಗಾಳಿ. ಅದಕ್ಕ ತೋಯ್ದ ಕೌದಿ ಹೊಚಗೊಂಡ್ರ ಥಂಡಿ ಹತ್ತತೈತಿ. ಗೋಡೀನೂ ಹಂಗ, ಹಸಿ ಕುಡದ ಗೋಡಿ ಬಿಸಲನ್ನ ಒಣ ಗೋಡಿಗಿಂತ ಲಗೂನ ಒಳಗ ಬಿಡತೈತಿ. ಒಂದಿನ ಅಲ್ ಫಾಹಿದಿ ಅನ್ನೋ ಹಳೇ ಓಣಿಗೆ ಕರಕೊಂಡ ಹೋಗಿದ್ರು. ಸಮುದ್ರದ ಹವಳದ ಕಲ್ಲಿನ ದಪ್ಪ ಗೋಡಿ, ಮ್ಯಾಲ ನಾಕೂ ಕಡೆ ಬಾಯಿ ತಗದ ಗಾಳಿ ಗೋಪುರ, ಯಾವ ಕಡೆ ಗಾಳಿ ಬಂದ್ರೂ ಹಿಡದು ಕೆಳಗಿನ ಖೋಲಿಗೆ ಇಳಸತೈತಿ. "ಅವ್ವಾ, ನಮ್ಮ ಬೆಳಕಿಂಡಿಗೆ ಅಣ್ಣ ಇದ್ದಂಗ" ಅಂದಳು ಮಗಳು.

ಬಂದ ಮ್ಯಾಲ ಮುಂದಿನ ಸ್ಲ್ಯಾಬಿಗೂ ಏನರೆ ಮಾಡಬೇಕು ಅನಿಸಿತು. ಕೌದಿ ಹೊಚ್ಚೋವಷ್ಟು ರೊಕ್ಕ ಇದ್ದಿದ್ದಿಲ್ಲ. ಅಹಮದಾಬಾದದಾಗ 2013ರಾಗ ಬಿಸಲಿನ ಸಲುವಾಗಿ ಒಂದು ಯೋಜನಾ ಮಾಡಿ, ಮುಂದ ಬಡವರ ಮನಿ ಮ್ಯಾಲ ಬಿಳೇ ಬಣ್ಣ ಹಚ್ಚಿಸಿದ್ದನ್ನ ಪೇಪರಿನ್ಯಾಗ ಓದಿದ್ದೆ. ತೆಲಂಗಾಣದವರಂತೂ 2023ರಾಗ ಅದಕ್ಕ ಒಂದು ಸರಕಾರಿ ನೀತೀನ ತಂದ್ರು. ನಾವು ಮಾಡಿದ್ದು ಇಷ್ಟ: ಹೋಳಿ ಮುಗಿದ ಮ್ಯಾಲ ಟೆರೇಸಿನ ಬಿರುಕು ತುಂಬಿಸಿ, ಕಸಾ ತಗದು, ಹತ್ತು ಕಿಲೊ ಸುಣ್ಣ ರಾತ್ರಿ ನೆನಸಿ, ಹಳೇ ಸೀರ್ಯಾಗ ಸೋಸಿ, ಅರ್ಧಾ ಕಿಲೊ ಫೆವಿಕಾಲ್ ಕೂಡಿಸಿ ಎರಡು ಸಲ ಹಚ್ಚಿದ್ವಿ. ಸುಣ್ಣ ಕಣ್ಣಿಗೆ ಸಿಡಿಯದಂಗ ಜ್ವಾಕಿ. ಮೊದಲ ವರ್ಷ ಅರ್ಧಾ ಟೆರೇಸಿಗೆ ಅಷ್ಟ ಹಚ್ಚಿ ಮಧ್ಯಾಹ್ನ ಎರಡಕ್ಕ ಬರಿಗಾಲಲೆ ನಿಂತು ನೋಡಿದೆ. ಬಿಳೇ ಕಡೆ ನಿಂತು ಹಪ್ಪಳ ಹಾಕಬಹುದು, ಇನ್ನೊಂದು ಕಡೆ ಮೂರು ಹೆಜ್ಜಿ ಸೈತ ಆಗಲಿಲ್ಲ. ಮಳಿಗೆ ತೊಳದು ಹೋಗತೈತಿ, ವರ್ಷಾ ಹಚ್ಚಬೇಕು, ಹಚ್ಚತೀವಿ.

ಬಾಜೂ ಮನಿ ಅಕ್ಕಾರಿಗೆ ಒಂದು ಉಪಾಯ ಹೇಳಿ ಕಳಿಸೀನಿ. ಒಂದು ಮೊಳದಷ್ಟು ಪ್ಲಾಸ್ಟಿಕ್ ಹಾಳಿ ಗೋಡಿಗೆ ನಾಕೂ ಕಡೆ ಟೇಪಿಲೆ ಗಟ್ಟಿ ಅಂಟಿಸಿ ಎರಡು ದಿನ ಬಿಡಬೇಕು. ಹನಿ ಹಾಳಿ ಒಳಮೈಗೆ, ಗೋಡಿ ಕಡೆ ಬಂದ್ರ ನೀರು ಗೋಡಿಯಿಂದ ಬರಾಕತ್ತೈತಿ. ಹೊರಮೈಗೆ ಬಂದ್ರ ಖೋಲಿಯ ಹಬಿ: ಅಡಗಿ, ಒಳಗ ಒಣಹಾಕಿದ ಅರಬಿ. ನಿನ್ನೆ ಬಂದು ಹೇಳಿದ್ರು, ಒಳಮೈಗೇ ಬಂದೈತಂತ. ಈಗ ಗೋಡಿ ಆಚೆಕಿನ ಬಚ್ಚಲದ ಪೈಪು ಅಗದು ನೋಡಾಕತ್ಯಾರ. ಪೇಂಟಿನ ಡಬ್ಬಿ ಅಂಗಡಿಗೆ ವಾಪಸ್ ಹೋತು.

ಅತ್ತಿಯವರು ಆ ಖೋಲಿಗೆ 2017ರ ಯುಗಾದಿಗೆ ತಿರಿಗಿ ಹೋದ್ರು. ದಮ್ಮು ಪೂರಾ ಹೋಗಲಿಲ್ಲ, ಆದ್ರ ರಾತ್ರಿ ಕೆಮ್ಮು ಕಡಿಮಿ ಆತು. ಇನ್ನೂ ನಾಕು ಬ್ಯಾಸಗಿ ಅಲ್ಲೇ ಮಲಗಿದ್ರು. ಕಡೀ ಬ್ಯಾಸಗ್ಯಾಗ ಒಂದಿನ ಸುಣ್ಣದ ಗೋಡಿ ಮ್ಯಾಲ ಅಂಗೈ ಇಟ್ಟು, "ಈಗ ಒಣಗೈತಿ ನೋಡವ್ವಾ" ಅಂದ್ರು. ಅದರಾಗ ಬಿರುಸು ಇದ್ದಿದ್ದಿಲ್ಲ. ನಾನು ಬಿರುಸು ಇರ್ಲಿ ಅಂತ ಎಷ್ಟೋ ದಿನ ಕಾದಿದ್ದೆ.

ಈಗ ಆ ಖೋಲ್ಯಾಗ ನಾನ ಮಲಗತೀನಿ. ಮಾಳಗಿಗೆ ಮಿರಗದ ಮಳಿಗಿಂತ ಮೊದಲ ವರ್ಷಾ ಕರ್ಲಮಣ್ಣು ಹಾಕಬೇಕು. ಅದು ಸವಳು ಮಣ್ಣು, ಮೊದಲ ಮಳಿ ಬಿದ್ದ ಕೂಡಲೇ ಅದರ ಕಣ ಬಿಚ್ಚಿ ಸಂದಿ ಸಂದಿ ಮುಚ್ಚಿಬಿಡತಾವು, ನೀರು ಕೆಳಗ ಇಳೀದಂಗ ಹರದು ಹೋಗತೈತಿ. ಬ್ಯಾರೆ ಮಣ್ಣು ಹಾಕಿದ್ರ ಸೋರತೈತಿ, ಎರಿ ಮಣ್ಣಂತೂ ಬ್ಯಾಡಾ ಬ್ಯಾಡ, ಒಣಗಿ ಬಿರೀತೈತಿ. ಮೊದಲ ಚಕ್ಕಡಿ ಮ್ಯಾಲ ಮಾರಾಕ ಬರತಿದ್ರು, ಈಗ ತರಾವರು ಇಲ್ಲ. ಈ ವರ್ಷ ಹಾಕೂದು ಆಗಲಿಲ್ಲ, ಬೆಳಕಿಂಡಿ ಬಾಜೂಕ ಒಂದು ಕಡೆ ಹನಿ ಬೀಳಾಕ ಹತ್ತಿ ಕೆಳಗ ಬೋಗಾಣಿ ಇಟ್ಟೀನಿ. ನವಲಗುಂದ, ಅಣ್ಣಿಗೇರಿ ಕಡೆ ತವರು ಇದ್ದವರು ಯಾರರೆ ಇದ್ರ, ನಿಮ್ಮ ಊರಾಗ ಕರ್ಲಮಣ್ಣು ಸಿಗತೈತೇನು ಕೇಳಿ ತಿಳಸ್ರಿ. ಒಂದು ಟ್ರ್ಯಾಕ್ಟರ್ ಆದ್ರ ಸಾಕು, ಬಾಡಿಗಿ ನಾನ ಕೊಡತೀನಿ.