ರಾತ್ರಿ ಪಾಳಿ, ಹಗಲು ಪಾಠ

ಜನವರಿಯ ರಾತ್ರಿ, ಮೂರು ಗಂಟೆ. ಹೊರಗೆ ಮೈನಸ್ 30 ಡಿಗ್ರಿ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಬ್ರಾಂಡನ್ ಎಂಬ ಊರು. ವೃದ್ಧರ ಆರೈಕೆ ಕೇಂದ್ರವೊಂದರ ಉದ್ದನೆಯ ಕಾರಿಡಾರಿನಲ್ಲಿ ನೀವು ಔಷಧಿಯ ಗಾಡಿ ತಳ್ಳಿಕೊಂಡು ಹೊರಟಿದ್ದೀರಿ. ಕೊರಳಿಗೆ ಹಾಕಿಕೊಂಡ ಕಾರ್ಡಿನಲ್ಲಿ ‘ಎಲ್‌ಪಿಎನ್’ ಎಂದಿದೆ, ಅಂದರೆ ಲೈಸೆನ್ಸ್‌ಡ್ ಪ್ರಾಕ್ಟಿಕಲ್ ನರ್ಸ್. ಹಾಸನದಲ್ಲಿ ಜಿಎನ್‌ಎಂ ಮುಗಿಸಿ ಬಂದ ನಿಮಗೆ ಇಲ್ಲಿನ ಕಾಗದಪತ್ರ, ಪರೀಕ್ಷೆಗಳನ್ನೆಲ್ಲ ದಾಟಿದ ಮೇಲೆ ಮೊದಲು ಸಿಕ್ಕ ಲೈಸೆನ್ಸ್ ಇದು. ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಇನ್ನೊಂದು ದಪ್ಪ ಪುಸ್ತಕ ಇದೆ. ಕೆಲಸ ಮಾಡುತ್ತಲೇ, ಅರೆಕಾಲಿಕವಾಗಿ, ಮನೋವೈದ್ಯಕೀಯ ನರ್ಸಿಂಗ್ ಪದವಿಗೆ ಓದುತ್ತಿದ್ದೀರಿ.

ಕೊನೆಯ ಕೋಣೆಯ ಹಾಸಿಗೆಯ ಅಲಾರಂ ಕೂಗುತ್ತದೆ. ಓಡಿ ಹೋಗಿ ನೋಡಿದರೆ ಅಜ್ಜ ಮಂಚದ ಅಂಚಿನಲ್ಲಿ ಕೂತಿದ್ದಾರೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು.

“ಕೀಲಿ ಎಲ್ಲಿ? ಮೋಡ ಕಟ್ಟಿದೆ. ಗೋಧಿ ಇನ್ನೂ ಹೊಲದಲ್ಲೇ ಇದೆ.”

ಈ ಮಾತು ನಿಮಗೆ ಹೊಸದಲ್ಲ. ಮರೆಗುಳಿ ಕಾಯಿಲೆಯ ಈ ಅಜ್ಜ ವಾರದಲ್ಲಿ ಮೂರು ರಾತ್ರಿಯಾದರೂ ಕಟಾವಿಗೆ ಹೊರಡುತ್ತಾರೆ. ಹೊಲ ಎಂದೋ ಮಾರಿ ಆಯಿತೆಂದು ಹೇಳಿದರೆ ಗಾಬರಿಯಾಗುತ್ತಾರೆ. ಪಕ್ಕದಲ್ಲಿ ಕೂತು, “ಇನ್ನೆಷ್ಟು ಎಕರೆ ಉಳಿದಿದೆ?” ಎಂದು ಕೇಳಿದರೆ ಲೆಕ್ಕ ಹೇಳುತ್ತಾ, ಹಳೆಯ ಸುಗ್ಗಿಗಳ ಕಥೆ ಹೇಳುತ್ತಾ ದಣಿದು ಮಲಗುತ್ತಾರೆ. ಇದನ್ನು ನಿಮಗೆ ಯಾವ ಪುಸ್ತಕವೂ ಕಲಿಸಲಿಲ್ಲ, ಪಾಳಿಗಳೇ ಕಲಿಸಿದವು.

ಇವತ್ತು ಹಾಗಾಗುತ್ತಿಲ್ಲ. ಎಕರೆ ಲೆಕ್ಕ ಶುರುಮಾಡಿದವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಕಣ್ಣು ಚಾವಣಿಯ ಮೇಲೆ ಏನನ್ನೋ ಹುಡುಕುತ್ತದೆ. ಬೆರಳುಗಳು ಹೊದಿಕೆಯ ಎಳೆಗಳನ್ನು ಕೀಳುತ್ತಿವೆ. ವಾರದ ದಿನಗಳನ್ನು ಹಿಂದಿನಿಂದ ಹೇಳಿ ಎಂದು ಕೇಳುತ್ತೀರಿ. ಭಾನುವಾರ, ಶನಿವಾರ ಎಂದವರು ಅಲ್ಲೇ ತೂಕಡಿಸುತ್ತಾರೆ. ಮರುಕ್ಷಣ ಬೆಚ್ಚಿಬಿದ್ದು ಮತ್ತೆ ಕೀಲಿ ಕೇಳುತ್ತಾರೆ. ಹೋದ ವಾರ ಇದೇ ಅಜ್ಜ ಸೋಮವಾರದವರೆಗೂ ಸರಾಗವಾಗಿ ಹೇಳಿದ್ದರು.

ತರಗತಿಯಲ್ಲಿ ಕಲಿತದ್ದು ಇಲ್ಲಿ ನೆನಪಾಗುತ್ತದೆ. ವಯಸ್ಸಾದವರಲ್ಲಿ ಒಂದರಂತೆ ಒಂದು ಕಾಣುವ ಮೂರು ಸ್ಥಿತಿಗಳಿವೆ. ಮರೆಗುಳಿತನ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಖಿನ್ನತೆ ವಾರಗಳಲ್ಲಿ ಆವರಿಸುತ್ತದೆ. ಸನ್ನಿ ಮಾತ್ರ ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಹಿಡಿಯುತ್ತದೆ, ಮತ್ತು ಮೊದಲು ಕೆಡುವುದು ಗಮನ. ಅಮೆರಿಕದ ವೈದ್ಯೆ ಶರೋನ್ ಇನೌಯೆ ಮತ್ತು ಜೊತೆಗಾರರು 1990ರಲ್ಲಿ ಇದನ್ನು ಹಾಸಿಗೆಯ ಪಕ್ಕದಲ್ಲೇ ಗುರುತಿಸುವ ಸರಳ ವಿಧಾನವನ್ನು ಪ್ರಕಟಿಸಿದರು. ಥಟ್ಟನೆ ಶುರುವಾಗಿ ಏರಿಳಿಯುವುದು, ಗಮನ ನಿಲ್ಲದಿರುವುದು, ಇವೆರಡೂ ಇರಲೇಬೇಕು. ಜೊತೆಗೆ ಮಾತು ದಿಕ್ಕು ತಪ್ಪಿರಬೇಕು, ಇಲ್ಲವೇ ಎಚ್ಚರದ ಮಟ್ಟ ಬದಲಾಗಿರಬೇಕು. ಅಜ್ಜನಲ್ಲಿ ನಾಲ್ಕೂ ಇವೆ.

ಸನ್ನಿಗೆ ಬಹುಪಾಲು ದೇಹದೊಳಗೇ ಒಂದು ಕಾರಣ ಇರುತ್ತದೆ. ನೋವು, ಸೋಂಕು, ಮಲಬದ್ಧತೆ, ನೀರಿನ ಕೊರತೆ, ಔಷಧಿ ಎಂದು ಒಂದೊಂದಾಗಿ ನೋಡುತ್ತಾ ಬರುತ್ತೀರಿ. ಜ್ವರ ಇಲ್ಲ. ಕಿಬ್ಬೊಟ್ಟೆಯ ಮೇಲೆ ಕೈ ಇಟ್ಟರೆ ಬಿಗಿ. ಮೂತ್ರಕೋಶದ ಸ್ಕ್ಯಾನರ್ 640 ಮಿಲಿಲೀಟರ್ ತೋರಿಸುತ್ತದೆ. ಔಷಧಿ ಪಟ್ಟಿ ತಿರುವಿದರೆ ಮೂರು ದಿನದ ಹಿಂದೆ ತುರಿಕೆಗೆಂದು ಶುರುವಾದ ಹಳೆಯ ಬಗೆಯ ಅಲರ್ಜಿ ಮಾತ್ರೆ ಸಿಗುತ್ತದೆ. ವಯಸ್ಸಾದವರಲ್ಲಿ ಅದು ಮೂತ್ರವನ್ನೂ ಕಟ್ಟುತ್ತದೆ, ಮನಸ್ಸನ್ನೂ ಮಂಕು ಮಾಡುತ್ತದೆ.

ಡಾಕ್ಟರಿಗೆ ಫೋನ್ ಮಾಡುತ್ತೀರಿ. ‘ಅಜ್ಜ ಗಲಾಟೆ ಮಾಡ್ತಿದ್ದಾರೆ, ನಿದ್ದೆಗೇನಾದ್ರೂ ಬರೆದುಕೊಡಿ’ ಎಂದು ಕೇಳಿದ್ದರೆ ಇನ್ನೊಂದು ಮಾತ್ರೆ ಸೇರಿ ಸನ್ನಿ ಹೆಚ್ಚುತ್ತಿತ್ತು. ನೀವು ಹೇಳುವುದು ಬೇರೆ: ನಿನ್ನೆ ಸಂಜೆಯಿಂದ ಶುರು, ಏರಿಳಿಯುತ್ತಿದೆ, ಗಮನ ನಿಲ್ಲುತ್ತಿಲ್ಲ, ಮೂತ್ರ ಕಟ್ಟಿದೆ, ಹೊಸ ಔಷಧಿ ಇದು. ಡಾಕ್ಟರ್ ಎರಡೇ ನಿಮಿಷದಲ್ಲಿ ನಿರ್ಧಾರ ಹೇಳುತ್ತಾರೆ. ಕ್ಯಾಥೆಟರ್ ಹಾಕಿ ಮೂತ್ರ ತೆಗೆಯಬೇಕು, ಅದನ್ನು ಪರೀಕ್ಷೆಗೆ ಕಳಿಸಬೇಕು, ಆ ಮಾತ್ರೆ ನಿಲ್ಲಿಸಬೇಕು. ಐದು ಗಂಟೆಯ ಹೊತ್ತಿಗೆ ಅಜ್ಜ ಮಲಗಿದ್ದಾರೆ.

ಅಜ್ಜನ ಹೋದ ವಾರದ ಮಾತು ಗೊತ್ತಿದ್ದದ್ದು ಎಲ್‌ಪಿಎನ್‌ಗೆ. ಇವತ್ತಿನ ಮಾತನ್ನು ಅಳೆಯಲು ಗೊತ್ತಿದ್ದದ್ದು ಪದವಿ ಓದುತ್ತಿರುವ ವಿದ್ಯಾರ್ಥಿನಿಗೆ. ಇಬ್ಬರೂ ಒಬ್ಬರಲ್ಲೇ ಇದ್ದದ್ದು ಅಜ್ಜನ ಪುಣ್ಯ.

ಏಳು ಗಂಟೆಗೆ ಚಾರ್ಜ್ ಒಪ್ಪಿಸಿ ಹೊರಬರುತ್ತೀರಿ. ಇನ್ನೂ ಕತ್ತಲು. ಎಂಜಿನ್ ಹೆಪ್ಪುಗಟ್ಟದಿರಲೆಂದು ರಾತ್ರಿಯಿಡೀ ಕರೆಂಟಿಗೆ ಸಿಕ್ಕಿಸಿಟ್ಟ ಕಾರಿನ ವೈರ್ ಬಿಡಿಸಿ, ಹೀಟರ್ ಹಾಕಿ ಕೂತರೆ ಅಮ್ಮನ ಫೋನು. ಇಲ್ಲಿ ಬೆಳಿಗ್ಗೆ ಏಳೂವರೆ, ಹಾಸನದಲ್ಲಿ ಸಂಜೆ ಏಳು.

“ಊಟ ಆಯ್ತೇನೇ? ಮತ್ತೆ ಪರೀಕ್ಷೆ ಅಂದ್ಯಲ್ಲ, ಇರೋ ಕೆಲಸ ಚೆನ್ನಾಗಿಲ್ವಾ?”

“ಕೆಲಸ ಚೆನ್ನಾಗೇ ಇದೆ ಅಮ್ಮ. ಇದು ಅದಕ್ಕಿಂತ ಮುಂದಿಂದು.”

“ಹುಚ್ಚಾಸ್ಪತ್ರೆ ಅಂತ ಪಕ್ಕದ್ಮನೆಯೋರು ಏನೇನೋ ಅಂತಾರೆ ಕಣೇ. ನಿಂಗೆ ಭಯ ಆಗಲ್ವಾ?”

“ಅಪ್ಪಂಗೆ ಶುಗರ್ ಬಂದಾಗ ಭಯ ಪಟ್ವಾ? ಔಷಧಿ ಕೊಟ್ವಿ, ಜೊತೇಲಿದ್ವಿ. ಇದೂ ಹಾಗೇನೇ.”

ಅಮ್ಮನ ಊರಿನ ಕಡೆಗೂ ಈ ದಾರಿ ಇಲ್ಲದೇ ಇಲ್ಲ. ಜನರಲ್ ನರ್ಸಿಂಗ್ ಮುಗಿಸಿದವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಒಂದು ವರ್ಷದ ಮನೋವೈದ್ಯಕೀಯ ನರ್ಸಿಂಗ್ ಡಿಪ್ಲೊಮಾ ಮಾಡುವುದು ದಶಕಗಳಿಂದ ನಡೆದು ಬಂದಿದೆ. ಪಶ್ಚಿಮ ಕೆನಡಾದ ವಿಶೇಷ ಏನೆಂದರೆ ಇಲ್ಲಿ ಮನೋವೈದ್ಯಕೀಯ ನರ್ಸ್ ಎನ್ನುವುದೇ ಒಂದು ಪ್ರತ್ಯೇಕ ವೃತ್ತಿ. ಸಸ್ಕಾಚೆವಾನ್ ಪ್ರಾಂತ್ಯ 1948ರಲ್ಲೇ ಇದಕ್ಕೆ ಬೇರೆ ಕಾಯ್ದೆ ಮಾಡಿತು, ಮ್ಯಾನಿಟೋಬಾ 1960ರಲ್ಲಿ. ರಿಜಿಸ್ಟರ್ಡ್ ಸೈಕಿಯಾಟ್ರಿಕ್ ನರ್ಸ್, ಅಂದರೆ ಆರ್‌ಪಿಎನ್, ಆಗಲು ಬೇರೆಯದೇ ಓದು, ಬೇರೆಯದೇ ಪರೀಕ್ಷೆ, ಬೇರೆಯದೇ ನೋಂದಣಿ. ಪೂರ್ವ ಕೆನಡಾದಲ್ಲಿ ಈ ಕೆಲಸವನ್ನು ಸಾಮಾನ್ಯ ರಿಜಿಸ್ಟರ್ಡ್ ನರ್ಸ್‌ಗಳೇ ಮಾಡುತ್ತಾರೆ.

ಮನೆಗೆ ಹೋಗುವಾಗ ಅಸಿನಿಬೊಯಿನ್ ನದಿಯ ಸೇತುವೆಯ ಆಚೆಗೆ ನಾರ್ತ್ ಹಿಲ್‌ನ ದೀಪಗಳು ಕಾಣುತ್ತವೆ. ಮ್ಯಾನಿಟೋಬಾದಲ್ಲಿ ಮೊದಲ ಹುಚ್ಚಾಸ್ಪತ್ರೆ ಶುರುವಾದದ್ದು 1886ರಲ್ಲಿ, ಸೆಲ್ಕರ್ಕ್‌ನಲ್ಲಿ. ಎರಡನೆಯದು 1891ರಲ್ಲಿ ಈ ಗುಡ್ಡದ ಮೇಲೆ. 1910ರಲ್ಲಿ ಕಟ್ಟಡ ಬೆಂಕಿಗೆ ಆಹುತಿಯಾಯಿತು, ಮತ್ತೆ ಕಟ್ಟಿದರು. ಕಾವಲು ಕಾಯುವ ಸಿಬ್ಬಂದಿ ಇದ್ದರೆ ಸಾಲದು, ತರಬೇತಾದ ನರ್ಸ್‌ಗಳು ಬೇಕು ಎಂದು ಅರಿವಾಗಿ ಇಲ್ಲೇ ನರ್ಸಿಂಗ್ ಶಾಲೆಯೂ ಬಂತು. 1990ರ ದಶಕದ ಕೊನೆಗೆ ಆಸ್ಪತ್ರೆ ಮುಚ್ಚಿತು. ರೋಗಿಗಳ ಆರೈಕೆ ಸಾಮಾನ್ಯ ಆಸ್ಪತ್ರೆಯ ವಾರ್ಡಿಗೂ ಮನೆಗಳಿಗೂ ಹಂಚಿಹೋಯಿತು. ಆ ಆವರಣದಲ್ಲಿ ಈಗ ಅಸಿನಿಬೊಯಿನ್ ಕಾಲೇಜಿನ ಕ್ಯಾಂಪಸ್ ಇದೆ. ಪ್ರಾಕ್ಟಿಕಲ್ ನರ್ಸ್‌ಗಳನ್ನು ತಯಾರು ಮಾಡುವ ಕಾಲೇಜು ಅದೇ. ಮನೋವೈದ್ಯಕೀಯ ನರ್ಸಿಂಗ್ ಪದವಿ ಇರುವುದು ನದಿಯ ಈಚೆಗೆ, ಬ್ರಾಂಡನ್ ವಿಶ್ವವಿದ್ಯಾಲಯದಲ್ಲಿ.

ಮಧ್ಯಾಹ್ನ ಎರಡು ಗಂಟೆ. ಕಿಟಕಿಗೆ ದಪ್ಪ ಪರದೆ ಎಳೆದು ನಾಲ್ಕು ತಾಸು ಮಲಗಿ ಎದ್ದಿದ್ದೀರಿ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಕಾಫಿ. ಇವತ್ತು ಮುಗಿಸಬೇಕಾದದ್ದು ‘ಪ್ರೋಸೆಸ್ ರೆಕಾರ್ಡಿಂಗ್’. ರೋಗಿಯೊಂದಿಗೆ ನಡೆದ ಹತ್ತು ನಿಮಿಷದ ಮಾತುಕತೆಯನ್ನು ನೆನಪಿನಿಂದ ಒಂದಕ್ಷರ ಬಿಡದೆ ಬರೆಯಬೇಕು. ಒಂದು ಅಂಕಣದಲ್ಲಿ ಅವರು ಹೇಳಿದ್ದು, ಎರಡನೆಯದರಲ್ಲಿ ನೀವು ಹೇಳಿದ್ದು, ಮೂರನೆಯದರಲ್ಲಿ ಆ ಕ್ಷಣ ನಿಮ್ಮ ಮನಸ್ಸಿನಲ್ಲಿ ಎದ್ದದ್ದು, ನಾಲ್ಕನೆಯದರಲ್ಲಿ ನಿಮ್ಮ ಉತ್ತರದಿಂದ ಮಾತು ಬೆಳೆಯಿತೋ ಮುಚ್ಚಿಕೊಂಡಿತೋ ಎಂಬ ವಿಶ್ಲೇಷಣೆ.

ಮೂರನೆಯ ಅಂಕಣ ತುಂಬುವುದೇ ಕಷ್ಟ. ರೋಗಿ ಸುಮ್ಮನಾದಾಗ ನೀವು ಅವಸರದಲ್ಲಿ ಇನ್ನೊಂದು ಪ್ರಶ್ನೆ ಹಾಕಿದ್ದು ಯಾಕೆ? ಅವರಿಗೆ ಬೇಕಾಗಿತ್ತೆಂದೋ, ಆ ಮೌನ ನಿಮಗೆ ತಡೆಯಲಾಗಲಿಲ್ಲವೆಂದೋ? ಇಂಜೆಕ್ಷನ್ ಕೊಡುವ ಕೈ ಎಂದೋ ಪಳಗಿದೆ. ಇಲ್ಲಿ ಪಳಗಬೇಕಾದದ್ದು ಕಿವಿ.

ಈ ಅಭ್ಯಾಸದ ಹಿಂದೆ ಹಿಲ್ಡೆಗಾರ್ಡ್ ಪೆಪ್ಲೌ ಎಂಬ ಅಮೆರಿಕನ್ ನರ್ಸ್ ಇದ್ದಾರೆ. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆಯ ಸಾಧನ ಎಂದು ಅವರು ವಾದಿಸಿದರು. ಪುಸ್ತಕ 1948ರಲ್ಲೇ ಸಿದ್ಧವಿತ್ತು. ಜೊತೆಗೊಬ್ಬ ವೈದ್ಯರ ಹೆಸರಿಲ್ಲದೆ ನರ್ಸ್ ಒಬ್ಬಳೇ ಇಂಥದ್ದನ್ನು ಬರೆಯುವುದು ಆ ಕಾಲಕ್ಕೆ ಅತಿಯೆನಿಸಿ, ಅಚ್ಚಾಗಲು 1952ರವರೆಗೆ ಕಾಯಬೇಕಾಯಿತು.

ಸಂಜೆ ಪ್ರಾಕ್ಟಿಕಂ, ಅಂದರೆ ಪದವಿಯ ಪ್ರಾಯೋಗಿಕ ತರಬೇತಿ. ಸಾಮಾನ್ಯ ಆಸ್ಪತ್ರೆಯ ಮನೋವೈದ್ಯಕೀಯ ವಾರ್ಡ್. ಕೊರಳ ಕಾರ್ಡು ಬದಲಾಗಿದೆ, ಇಲ್ಲಿ ನೀವು ವಿದ್ಯಾರ್ಥಿನಿ. ಎಷ್ಟೇ ಅನುಭವ ಇದ್ದರೂ ಬೋಧಕಿಯ ಒಪ್ಪಿಗೆ ಇಲ್ಲದೆ ಒಂದು ಮಾತ್ರೆ ಕೊಡುವಂತಿಲ್ಲ.

ಕಿಟಕಿಯ ಬಳಿ ಇಪ್ಪತ್ತರ ಆಸುಪಾಸಿನ ಹುಡುಗ ಕೂತಿದ್ದಾನೆ. ಕೈಯಲ್ಲೊಂದು ಮಡಚಿದ ಕಾಗದ. ಮೌಲ್ಯಮಾಪನಕ್ಕಾಗಿ 72 ಗಂಟೆಗಳವರೆಗೆ ಇಲ್ಲಿ ಇರಿಸಿಕೊಳ್ಳಬಹುದು ಎಂಬುದು ಪ್ರಾಂತ್ಯದ ಮಾನಸಿಕ ಆರೋಗ್ಯ ಕಾಯ್ದೆಯ ನಿಯಮ. ಅದನ್ನು ಅವನಿಗೆ ಅರ್ಥವಾಗುವಂತೆ ಹೇಳುವುದೂ, ಅವನ ಹಕ್ಕುಗಳನ್ನು ತಿಳಿಸುವುದೂ ನರ್ಸ್ ಕೆಲಸದ ಭಾಗ. ನೀವು ಕುರ್ಚಿ ಎಳೆದುಕೊಂಡು ಅವನ ಎದುರಿಗಲ್ಲ, ಓರೆಯಾಗಿ ಕೂರುತ್ತೀರಿ. ಬಹಳ ಹೊತ್ತು ಮಾತಿಲ್ಲ. ಈ ಸಲ ನೀವು ಆ ಮೌನವನ್ನು ತುಂಬುವುದಿಲ್ಲ.

“ನಾನಿಲ್ಲದಿದ್ರೆ ಮನೆಯವರಿಗೆ ಹಗುರ ಆಗತ್ತೆ.”

ಎದೆ ಧಸಕ್ಕೆನ್ನುತ್ತದೆ. ‘ಛೆ, ಹಾಗೆಲ್ಲ ಅನ್ನಬಾರದು’ ಎನ್ನುವ ಮಾತು ನಾಲಿಗೆಯ ತುದಿಗೆ ಬರುತ್ತದೆ. ಹಾಗಂದರೆ ಅವನು ಮತ್ತೆ ಬಾಯಿ ಬಿಡುವುದಿಲ್ಲ.

“ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ ನಿಮಗೆ?”

ಅವನು ತಲೆ ಎತ್ತಿ ನೋಡುತ್ತಾನೆ. “ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ.”

ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಎಲ್ಲ ಕಡೆ ಇದೆ. ಅಧ್ಯಯನಗಳು ಆ ಭಯಕ್ಕೆ ಆಧಾರ ಕಂಡಿಲ್ಲ. ಕೇಳಿದಾಗ ಭಾರ ಇಳಿಯುವುದೇ ಹೆಚ್ಚು. ಅವನು ಹೇಳಿದ್ದನ್ನು ಬೋಧಕಿಗೂ ತಂಡಕ್ಕೂ ತಿಳಿಸುತ್ತೀರಿ, ಅದನ್ನು ಗುಟ್ಟಾಗಿ ಇಡಲಾಗದೆಂದು ಅವನಿಗೂ ಹೇಳುತ್ತೀರಿ. ಆಮೇಲೆ ಬೋಧಕಿಯೂ ಸೇರಿ ಮೂವರೂ ಕೂತು ಒಂದು ಹಾಳೆ ತುಂಬುತ್ತೀರಿ. ಮನಸ್ಸು ಕುಸಿಯುವ ಮುನ್ನ ಏನೇನು ಸೂಚನೆ ಕಾಣುತ್ತದೆ, ಆಗ ಏನು ಮಾಡಿದರೆ ತುಸು ಹಿಡಿತ ಸಿಗುತ್ತದೆ, ಯಾರಿಗೆ ಫೋನ್ ಮಾಡಬಹುದು. ಕೊನೆಯ ಸಾಲಿನಲ್ಲಿ 988. ಕೆನಡಾದಲ್ಲಿ 2023ರ ನವೆಂಬರ್‌ನಿಂದ ಹಗಲು ರಾತ್ರಿ ಉತ್ತರಿಸುವ ಸಹಾಯವಾಣಿ ಅದು. ನಮ್ಮಲ್ಲಿ ಅದೇ ಕೆಲಸಕ್ಕೆ ಟೆಲಿ ಮಾನಸ್ ಇದೆ, ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು.

ಇದೇ ವಾರ್ಡಿಗೆ ಮೂಲನಿವಾಸಿ ಕುಟುಂಬಗಳಿಂದಲೂ ಜನ ಬರುತ್ತಾರೆ. ಬ್ರಾಂಡನ್ನಿನ ಹೊರವಲಯದಲ್ಲಿ 1895ರಿಂದ 1972ರವರೆಗೆ, ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಇಡುತ್ತಿದ್ದ ವಸತಿ ಶಾಲೆ ಇತ್ತು. ಅದರ ಗಾಯ ಮೊಮ್ಮಕ್ಕಳವರೆಗೂ ಇಳಿದಿದೆ. ಈ ಚರಿತ್ರೆಯನ್ನು ಎಲ್ಲ ನರ್ಸಿಂಗ್ ವಿದ್ಯಾರ್ಥಿಗಳಿಗೂ ಕಡ್ಡಾಯವಾಗಿ ಕಲಿಸಬೇಕೆಂದು ಕೆನಡಾದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಕರೆ ಕೊಟ್ಟಿತು. ಬಿಳಿ ಕೋಟು ಕಂಡೊಡನೆ ಅಜ್ಜಿಯೊಬ್ಬರು ಮುದುಡಿಕೊಂಡರೆ ಅದನ್ನು ‘ಸಹಕರಿಸುತ್ತಿಲ್ಲ’ ಎಂದು ಬರೆಯುವುದಕ್ಕೆ ಮುನ್ನ ನಿಮ್ಮ ಪೆನ್ನು ಈಗ ತಡೆಯುತ್ತದೆ.

ರಾತ್ರಿ ಮನೆಗೆ ಬಂದು ಲೆಕ್ಕಕ್ಕೆ ಕೂರುತ್ತೀರಿ. ಮ್ಯಾನಿಟೋಬಾದಲ್ಲಿ ನರ್ಸ್ ಕೆಲಸವನ್ನು ‘ಇಎಫ್‌ಟಿ’ಯಲ್ಲಿ ಅಳೆಯುತ್ತಾರೆ. ಪೂರ್ಣಾವಧಿ ಎಂದರೆ 1.0, ನೀವು ಓದಿಗಾಗಿ 0.6ಕ್ಕೆ ಇಳಿದಿದ್ದೀರಿ. ಸಂಬಳವೂ ಅಷ್ಟೇ ಇಳಿದಿದೆ. ಪ್ರಾಕ್ಟಿಕಂಗೆ ಸಂಬಳವಿಲ್ಲ, ಆ ವಾರಗಳಲ್ಲಿ ಕೆಲವು ಪಾಳಿಗಳನ್ನೂ ಬಿಡಬೇಕು. ಹೊತ್ತಲ್ಲದ ಹೊತ್ತಿನಲ್ಲಿ ‘ಯಾರೂ ಇಲ್ಲ, ಬರ್ತೀರಾ?’ ಎಂದು ಆರೈಕೆ ಕೇಂದ್ರದಿಂದ ಮೆಸೇಜು ಬರುತ್ತದೆ. ಮರುದಿನ ಸಂಖ್ಯಾಶಾಸ್ತ್ರದ ಪರೀಕ್ಷೆ. ನಾಲ್ಕು ವರ್ಷದ ಪದವಿ ಈ ಗತಿಯಲ್ಲಿ ಇನ್ನೂ ಎಳೆಯುತ್ತದೆ. ಅರ್ಧದಲ್ಲಿ ಕೈಬಿಡುವವರಿಗೆ ಬುದ್ಧಿ ಸಾಲದೆ ಹೋಗುವುದು ಅಪರೂಪ. ಸಾಲದೆ ಹೋಗುವುದು ಹಣ, ನಿದ್ದೆ, ಮಗುವನ್ನು ನೋಡಿಕೊಳ್ಳುವವರು.

ಇಷ್ಟೆಲ್ಲ ನೋಡಿದ ಮೇಲೂ ಅರೆಕಾಲಿಕ ಪದವಿಯನ್ನು ಎರಡನೇ ದರ್ಜೆಯದೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಕಲಿತದ್ದನ್ನು ಅದೇ ರಾತ್ರಿ ಒಬ್ಬ ರೋಗಿಯ ಪಕ್ಕ ಕೂತು ಪರೀಕ್ಷಿಸುವ ಅವಕಾಶ ಪೂರ್ಣಾವಧಿ ವಿದ್ಯಾರ್ಥಿಗೆ ಸಿಗುವುದಿಲ್ಲ. ಮೈ ಒರೆಸುತ್ತಾ, ಊಟ ಮಾಡಿಸುತ್ತಾ ಮನುಷ್ಯರನ್ನು ಹತ್ತಿರದಿಂದ ಕಂಡ ಪ್ರಾಕ್ಟಿಕಲ್ ನರ್ಸ್ ಮನೋವೈದ್ಯಕೀಯ ನರ್ಸ್ ಆದಾಗ, ಆ ವೃತ್ತಿಗೆ ಬೇಕಾದ ತಾಳ್ಮೆಯನ್ನು ಜೊತೆಗೇ ತರುತ್ತಾಳೆ.

ಹಾಗಾಗಿ ಈ ದಾರಿಯ ಖರ್ಚು ಅವಳೊಬ್ಬಳ ಮೇಲೆ ಬೀಳಬಾರದು. ಪಾಳಿಯ ಪಟ್ಟಿ ಸೆಮಿಸ್ಟರ್ ಶುರುವಾಗುವ ಮೊದಲೇ ಗೊತ್ತಾಗಬೇಕು. ಪ್ರಾಕ್ಟಿಕಂ ವಾರಗಳಿಗೆ ಸಂಬಳ ಇರಬೇಕು. ಓದು ಮುಗಿಯುವವರೆಗೆ ಅವಳ ಹುದ್ದೆಯನ್ನು ಕಾಯ್ದಿಡಬೇಕು. ವಾರ್ಡಿನಲ್ಲಿ ಕಳೆದ ವರ್ಷಗಳನ್ನು ವಿಶ್ವವಿದ್ಯಾಲಯ ಕ್ರೆಡಿಟ್ಟಿಗೆ ಸೇರಿಸಬೇಕು. ಮನೋವೈದ್ಯಕೀಯ ನರ್ಸ್‌ಗಳು ಸಾಲುತ್ತಿಲ್ಲ ಎಂದು ದೂರುವ ಪ್ರತಿ ಆಸ್ಪತ್ರೆಯೂ ಮೊದಲು ತನ್ನದೇ ರಾತ್ರಿ ಪಾಳಿಯ ಹಾಜರಿ ಪುಸ್ತಕ ತೆಗೆದು ನೋಡಲಿ. ಓದಲು ತಯಾರಿರುವವರ ಹೆಸರು ಅದರಲ್ಲೇ ಇದೆ.