ಮೈಸೆಲ್ಫ್ ಬಸವರಾಜ

ನಮ್ಮ ಕಡೆ ಹೆಸರು ಕೇಳುವುದು ಎಲ್ಲ ಮುಗಿದ ಮೇಲೆ. ಧಾರವಾಡದಲ್ಲಿ ಹಳ್ಳಿ ಬಸ್ಸು ಹತ್ತಿ ಕೂತರೆ ಪಕ್ಕದ ಅಜ್ಜಿ ಎಲೆ-ಅಡಿಕೆ ಚೀಲ ಬಿಚ್ಚುತ್ತ, "ಯಾವೂರು ತಮ್ಮಾ?" ಅನ್ನುತ್ತಾಳೆ. ಊರು ಹೇಳಿದರೆ, "ಯಾರ ಪೈಕಿ?" ಅಜ್ಜನ ಹೆಸರು ಹೇಳಿದರೆ, "ಹಾಂ, ಬಾವಿ ಓಣಿಯವ್ರು! ನಿಮ್ಮತ್ತೀನ್ನ ನಮ್ಮೂರಿಗೇ ಕೊಟ್ಟಾರಲ್ಲ." ಅಷ್ಟರಲ್ಲಿ ಇಳಿಯುವ ಊರು ಬಂದಿರುತ್ತದೆ. ನನ್ನ ಹೆಸರು ನನ್ನ ಹತ್ತಿರವೇ ಉಳಿದಿರುತ್ತದೆ.

ಹೀಗೆ ಬೆಳೆದವನನ್ನು ಪಿಯುಸಿಯ ಮೊದಲ ದಿನ ಎಬ್ಬಿಸಿ ನಿಲ್ಲಿಸಿ "ಇಂಟ್ರಡ್ಯೂಸ್ ಯುವರ್‌ಸೆಲ್ಫ್" ಅಂದರು. ಐದನೇ ಇಯತ್ತೆಗೆ ಬಂದ ಮೇಲೆ ಎಬಿಸಿಡಿ ಕಂಡ ಕನ್ನಡ ಶಾಲೆಯ ಹುಡುಗ ನಾನು. ಅವರು 'ಯುವರ್‌ಸೆಲ್ಫ್' ಕೇಳಿದರೆ ನಾನು 'ಮೈಸೆಲ್ಫ್' ಕೊಡಬೇಕು, ಲೆಕ್ಕ ಸರಿಯಾಗಿಯೇ ಇತ್ತು. "ಮೈಸೆಲ್ಫ್ ಬಸವರಾಜ" ಅಂದೆ. ಹುಬ್ಬಳ್ಳಿಯ ಇಂಗ್ಲಿಷ್ ಮೀಡಿಯಂ ಬೆಂಚು ಕಿಸಕ್ಕೆಂದಿತು. "ಐ ಯಾಮ್ ಬಸವರಾಜ" ಎಂದು ಲೆಕ್ಚರರು ತಿದ್ದಿದರು.

ಈ 'ಯಾಮ್' ಎಲ್ಲಿಂದ ಬಂತು ಎಂದು ಬಹಳ ದಿನ ತಲೆ ಕೆಡಿಸಿಕೊಂಡೆ. 'ನಾನು ಬಸವರಾಜ'. ನಡುವೆ ಸೂಜಿಗೂ ಜಾಗವಿಲ್ಲ. ಅಲ್ಲೊಂದು 'ಆಗಿದ್ದೇನೆ' ತುರುಕಿದರೆ ನಿನ್ನೆಯವರೆಗೆ ಬೇರೆ ಯಾರೋ ಆಗಿದ್ದೆ ಅನ್ನುವ ಹಾಗಾಗುತ್ತದೆ. 'ಹ್ಯಾವ್' ಇನ್ನೂ ವಿಚಿತ್ರ. ನಮ್ಮಲ್ಲಿ ನನಗೆ ಇಬ್ಬರು ತಂಗಿಯರು 'ಇದ್ದಾರೆ', ಅವರ ಪಾಡಿಗೆ ಅವರು. ಇಂಗ್ಲಿಷಿನಲ್ಲಿ ಎತ್ತು, ಹೊಲ, ತಂಗಿ ಎಲ್ಲವನ್ನೂ ನಾನೇ 'ಹ್ಯಾವ್' ಮಾಡಬೇಕು. ತೂಕ ಸಾಲದೇನೋ ಎಂದು 'ಹ್ಯಾವಿಂಗ್' ಬೇರೆ ಮಾಡುತ್ತಿದ್ದೆ.

ಅಣ್ಣ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಿಂದ ರ‍್ಯಾಪಿಡೆಕ್ಸ್ ತಂದುಕೊಟ್ಟ, ಕಪಿಲ್ ದೇವ್ ಜಾಹೀರಾತಿಗೆ ನಿಂತಿದ್ದ, ಇಂಗ್ಲಿಷ್ ಮಾತಾಡಲು ಕಲಿಸುವ ಪುಸ್ತಕ. ವಿಶ್ವಕಪ್ ಎತ್ತಿದವನೇ ಹೇಳಿದ ಮೇಲೆ ಬಂದೇ ಬರುತ್ತದೆ ಎಂಬ ಧೈರ್ಯ. ಅರ್ಧಕ್ಕೆ ನಿಂತಿತು.

ನನಗೆ ನಿಜವಾಗಿ ಸಮಾಧಾನ ಕೊಟ್ಟದ್ದು ಲೈಬ್ರರಿಯ ದಪ್ಪ ಕಿಟೆಲ್ ಕೋಶ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದದ್ದು, ಸುಮಾರು 70,000 ಕನ್ನಡ ಪದಗಳು, ಅರ್ಥವೆಲ್ಲ ಇಂಗ್ಲಿಷಿನಲ್ಲಿ. ಅದರೊಳಗೆ ನಮ್ಮ ಅಜ್ಜಿಯಂಥವರ ಗಾದೆಗಳೂ ಇದ್ದವು. ಬರೆದವರು ಇಂಗ್ಲಿಷರೇ ಇರಬೇಕು ಅಂದುಕೊಂಡಿದ್ದೆ. ಅಲ್ಲ, ಫರ್ಡಿನಾಂಡ್ ಕಿಟೆಲ್ ಜರ್ಮನಿಯವರು. 1853ರಲ್ಲಿ ಈ ನಾಡಿಗೆ ಬಂದಾಗ ಅವರಿಗೆ ಇನ್ನೂ ಇಪ್ಪತ್ತೊಂದು. ಅಂದರೆ ಎಡಗಡೆಯ ಕನ್ನಡವೂ ಕಲಿತದ್ದು, ಬಲಗಡೆಯ ಇಂಗ್ಲಿಷೂ ಕಲಿತದ್ದೇ! ತವರಿನ ಮಾತು ಆ ಪುಟಗಳ ಹೊರಗೆ ಎಲ್ಲೋ ನಿಂತಿತ್ತು. ಧಾರವಾಡದ ಸೀಮೆಯಲ್ಲಿ ಓಡಾಡುವಾಗ ಆ ಪಾದ್ರಿಗೂ ಯಾರಾದರೂ ಅಜ್ಜಿ "ಯಾವೂರಪಾ? ಯಾರ ಪೈಕಿ?" ಅಂದಿರುತ್ತಾಳೆ. ಏನು ಹೇಳಿದರೋ.

ಈಗ ಬೆಂಗಳೂರಿನಲ್ಲಿ ನನ್ನ ನೌಕರಿ. ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಿಟೆಲ್ಲರ ಪ್ರತಿಮೆ ಇದೆ, ಸಿಗ್ನಲ್ ಬಿದ್ದಾಗ ಮುಖ ನೋಡಿಕೊಳ್ಳುತ್ತೇವೆ. ಹೋದ ತಿಂಗಳು ವಿಡಿಯೊ ಮೀಟಿಂಗಿನಲ್ಲಿ ಜರ್ಮನಿಯ ಹೊಸ ಸಹೋದ್ಯೋಗಿ ತನ್ನ ಪರಿಚಯ ಹೇಳಿಕೊಂಡ: "ಐ ಯಾಮ್ ಸಿನ್ಸ್ ತ್ರೀ ಇಯರ್ಸ್ ಹಿಯರ್." ಯಾರೂ ನಗಲಿಲ್ಲ. ನನಗಂತೂ ತಪ್ಪೇ ಕಾಣಿಸಲಿಲ್ಲ; 'ಮೂರು ವರ್ಷದಿಂದ ಇಲ್ಲಿದ್ದೇನೆ' ಅನ್ನುತ್ತೇವಲ್ಲ, ಥೇಟ್ ಹಾಗೇ. 'ಹ್ಯಾವ್ ಬೀನ್' ಎಂಬ ಸುತ್ತುದಾರಿ ನಮಗೂ ಇಲ್ಲ, ಅವರಿಗೂ ಇಲ್ಲ.

ಆ ಖುಷಿಯಲ್ಲಿ ನನ್ನ ಸರದಿ ಬಂದದ್ದೇ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷ ಬಿಗಿಹಿಡಿದದ್ದು ಜಾರಿತು: "ಮೈಸೆಲ್ಫ್ ಬಸವರಾಜ, ಫ್ರಮ್ ಧಾರವಾಡ."

ಅವನು ಹೆಸರಿನ ಗೋಜಿಗೆ ಹೋಗಲಿಲ್ಲ. ಕನ್ನಡಕ ಮೇಲೇರಿಸಿ, "ಧಾರವಾಡ... ವೇರ್ ಈಸ್ ದಟ್?" ಅಂದ.