ಕರುವು ಪನಿ

ನಮ್ಮ ಆದೋನಿ ಕಡೆ ಮನೆಮಾತು ಕನ್ನಡವಾದರೂ ಕೆಲವು ಮಾತಿಗೆ ತೆಲುಗೇ ಬೇಕು. ಅಂಥದ್ದೊಂದು 'ಕರುವು ಪನಿ', ಅಂದರೆ ಬರದ ಕೆಲಸ. 2006ರಲ್ಲಿ ಉದ್ಯೋಗ ಖಾತ್ರಿ ಯೋಜನೆ ಬಂತಲ್ಲ, ಸರ್ಕಾರ ಎಷ್ಟುದ್ದದ ಹೆಸರಿಟ್ಟರೂ ಜನ ಕರೆದದ್ದು ಕರುವು ಪನಿ ಎಂದೇ. ಆ ವರ್ಷ ಮಳೆ ಚೆನ್ನಾಗಿದ್ದರೂ ಸರಿ!

ಈ ಮಾತು ಕೇಳಿದಾಗೆಲ್ಲ ನಮಗೆ ನೆನಪಾಗುವುದು 1876-78ರ ಧಾತು-ಈಶ್ವರ ಸಂವತ್ಸರಗಳ ಬರ. ಆಗ ಆದೋನಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. (1953ರಲ್ಲಿ ಬಳ್ಳಾರಿ ಮೈಸೂರಿಗೆ, ನಾವು ಆಂಧ್ರಕ್ಕೆ. ಅದು ಬೇರೆ ಕಥೆ ಬಿಡಿ.) ಹಸಿದು ಬಂದವರಿಗೆ ಸರ್ಕಾರ ಕೊಟ್ಟದ್ದು ಕಲ್ಲು ಒಡೆಯುವ, ರಸ್ತೆಗೆ ಮಣ್ಣು ಹೊರುವ ಕೆಲಸ. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ದೊಡ್ಡ ಅಧಿಕಾರಿ ಬಂದು ಕೂಲಿ ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ, ಮೇಲೆ ಒಂದಾಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಇದನ್ನು ತಿಂದು ಇಡೀ ದಿನ ಬಿಸಿಲಲ್ಲಿ ಕಲ್ಲು ಒಡೆಯಬೇಕು! ಮದ್ರಾಸಿನ ವೈದ್ಯಾಧಿಕಾರಿ ಡಾ. ಕಾರ್ನಿಷ್ ಒಂದೂವರೆ ಪೌಂಡ್ ಧಾನ್ಯ, ಬೇಳೆ, ತರಕಾರಿ ಬೇಕೇಬೇಕೆಂದು ಜಗಳ ತೆಗೆದ ಮೇಲೆ ಸ್ವಲ್ಪ ಏರಿತು. ಆದೋನಿಗೆ 1871ರ ಹೊತ್ತಿಗೇ ರೈಲು ಬಂದಿತ್ತು. ರೈಲಿನಲ್ಲಿ ಕಾಳೂ ಬಂತು. ಕೊಳ್ಳಲು ಜನರ ಕೈಯಲ್ಲಿ ಕಾಸಿರಲಿಲ್ಲ.

ಅಮೆರಿಕದಲ್ಲೂ ಇಂಥ ಕೆಲಸ ನಡೆದಿತ್ತು. ಆರ್ಥಿಕ ಕುಸಿತದ ಕಾಲದಲ್ಲಿ, 1933ರಿಂದ 1942ರವರೆಗೆ, ನಿರುದ್ಯೋಗಿ ಹುಡುಗರಿಂದ ಗಿಡ ನೆಡಿಸಿದರು, ಉದ್ಯಾನಗಳಲ್ಲಿ ರಸ್ತೆ ಮಾಡಿಸಿದರು. ಊಟ, ಬಟ್ಟೆ, ವಸತಿಯ ಮೇಲೆ ತಿಂಗಳಿಗೆ 30 ಡಾಲರ್. ಅದರಲ್ಲಿ 25 ನೇರ ಮನೆಗೆ. 1935ರಲ್ಲಿ ಶುರುವಾದ ಬ್ಲೂ ರಿಡ್ಜ್ ರಸ್ತೆಯಲ್ಲಿ ಇಂದು ಜನ ಬರೀ ಬೆಟ್ಟ ನೋಡಲೆಂದು ಕಾರಿನಲ್ಲಿ ಹೋಗುತ್ತಾರಂತೆ. ನಮ್ಮ ಬರದ ರಸ್ತೆಗಳನ್ನು ನೋಡಲು ಯಾರು ಬಂದಾರು?

ನಮಗೆ ಆ 25 ಡಾಲರ್ ದೊಡ್ಡ ಮಾತಾಗಿ ಕಾಣುತ್ತದೆ. ಹಣ ಹೊತ್ತಿಗೆ ಮನೆ ಮುಟ್ಟಿದರೆ ಮನೆಯವರು ಊರಲ್ಲೇ ಉಳಿಯುತ್ತಾರೆ. ಖಾತ್ರಿ ಕಾನೂನಿನಲ್ಲೂ 15 ದಿನದೊಳಗೆ ಕೂಲಿ ಎಂದಿತ್ತು. ತಡವಾದಾಗ ಏನಾಗುತ್ತಿತ್ತೆಂದು ನಮ್ಮ ಹಾಜರಿ ಪುಸ್ತಕ ಹೇಳುತ್ತದೆ. ಕನ್ನಡದಲ್ಲಿ ಸುಗ್ಗಿ ಎಂದರೆ ಮನೆಗೆ ಕಾಳು ಬರುವ ಸಂಭ್ರಮ. ಇಲ್ಲಿ ಸುಗ್ಗಿಗೆ ಹೋಗುವುದೆಂದರೆ ಮನೆಗೆ ಬೀಗ ಹಾಕಿ, ಮಕ್ಕಳನ್ನೂ ಕರೆದುಕೊಂಡು, ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗುವುದು.

"ಕರುವು ಪನಿ ದುಡ್ಡು ಇನ್ನೂ ಬಿದ್ದಿಲ್ರೀ ಸಾರ್, ಉಗಾದಿಗೆ ಬರ್ತೀವಿ" ಎಂದು ಹೇಳಿ ಹೋದವರು ಎಷ್ಟೋ ಜನ. ಅವರ ಮಕ್ಕಳ ಹೆಸರನ್ನು ನಾವು ಹೊಡೆದುಹಾಕುತ್ತಿರಲಿಲ್ಲ. ದಿನಾ ಕೂಗಿ, ಗೈರು ಎಂದು ಬರೆಯುತ್ತಿದ್ದೆವು.